ಮನೆ ಪಕ್ಕದ ಹೊಳೆಗೆ ಮೋಟಾರ್ ಇರುವ ಗಾಳಿ ದೋಣಿ ಇಳಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಬ್ರಹ್ಮಾವರದ ಕಡೆ ಹೊಳೆ ಬದಿಯಲ್ಲೇ ಮನೆ. ಗಾಳಿ ತುಂಬುವ ಮೂರು ಮೀಟರ್ ದೋಣಿ, ಅದರ ಹಿಂಬದಿಗೆ ಸಿಕ್ಕಿಸುವ 5 ಎಚ್‌ಪಿ ಔಟ್‌ಬೋರ್ಡ್ ಇಂಜಿನ್ ತಗೊಳ್ಳುವ ಯೋಚನೆ ಇದೆ. ಹತ್ತಿರದಲ್ಲಿ ದಕ್ಕೆಯೂ ಇಲ್ಲ, ರ‍್ಯಾಂಪೂ ಇಲ್ಲ. ಬರೀ ದಡದಿಂದ ಇಳಿಸಬಹುದಾ?

ಖಂಡಿತ ಇಳಿಸಬಹುದು. ನಾನೂ ಸೀತಾನದಿ ಬದಿಯವನೇ, ನನ್ನ ಹತ್ತಿರ ಇರುವುದೂ ಹೆಚ್ಚುಕಡಿಮೆ ಇಂಥದ್ದೇ ದೋಣಿ. ಇಳಿಸುವುದು ಕಷ್ಟವೇ ಅಲ್ಲ. ತಿರುಗಿ ಬಂದಾಗ ದಡಕ್ಕೆ ಹತ್ತಿಸುವುದೇ ನಿಜವಾದ ಕೆಲಸ. ಜಾಗ, ಹೊತ್ತು, ಸಾಮಾನು ಎಲ್ಲವನ್ನೂ ಅದನ್ನೇ ತಲೆಯಲ್ಲಿಟ್ಟುಕೊಂಡು ಆರಿಸಿ.

ನಮ್ಮ ಕಡೆ ಹೊಳೆಗೆ ಕಡಲಿನದ್ದೇ ಲೆಕ್ಕ. ಸೀತಾ, ಸ್ವರ್ಣಾ ಎರಡೂ ಕೋಡಿಬೇಂಗ್ರೆಯ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅಲ್ಲಿಂದ ಒಳಗೆ ತುಂಬ ದೂರದವರೆಗೆ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಎರಡು ಉಬ್ಬರವೂ ಒಂದೇ ಎತ್ತರಕ್ಕೆ ಬರುವುದಿಲ್ಲ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿ ಹೊತ್ತಿಗೆ ಕಡಿಮೆ. ಒಂದು ಮೀಟರ್ ಚಿಲ್ಲರೆ ಏರಿಳಿತ ಅಂದರೆ ಕೇಳಲಿಕ್ಕೆ ಏನೂ ಅಲ್ಲ. ಆದರೆ ದಡ ಚಪ್ಪಟೆ ಇರುವಲ್ಲಿ ಅಷ್ಟಕ್ಕೇ ನೀರು ಇಪ್ಪತ್ತು ಮೀಟರ್ ಹಿಂದಕ್ಕೆ ಸರಿಯುತ್ತದೆ. ಅಷ್ಟೂ ಉದ್ದಕ್ಕೆ ಮೊಣಕಾಲು ಹೂತುಹೋಗುವ ಕೆಸರು. ಬೆಳಿಗ್ಗೆ ಅಂಗಳದಿಂದ ಇಳಿದ ಹಾಗೆ ಸಲೀಸಾಗಿ ಹೋದವರು ಮಧ್ಯಾಹ್ನ ಬಂದಾಗ ದೋಣಿ ಇಲ್ಲಿ, ಮನೆ ಅಲ್ಲಿ!

ಆದ್ದರಿಂದ ಮೊದಲ ಕೆಲಸ, ಮುಂದಿನ ಅಮಾವಾಸ್ಯೆ ಅಥವಾ ಹುಣ್ಣಿಮೆಗೆ ಪೂರ್ತಿ ಇಳಿತದ ಹೊತ್ತು ನೋಡಿಕೊಂಡು ನಿಮ್ಮ ದಡಕ್ಕೆ ಹೋಗಿ ನಿಲ್ಲಿ. ಒಂದು ಕೋಲು ಹಿಡಿದುಕೊಂಡು ಅಲ್ಲಲ್ಲಿ ಚುಚ್ಚಿ. ಮರಳು, ಕೆಂಪು ಮುರಕಲ್ಲಿನ ಚೂರು ಇರುವ ಜಾಗ ಗಟ್ಟಿ. ಕಪ್ಪು ಹೂಳು ಇದ್ದರೆ ಬೇಡ. ನೀರಿನ ಅಂಚಿನ ಕಲ್ಲುಗಳನ್ನು ಕೈಯಲ್ಲಿ ಮುಟ್ಟಿ ನೋಡಿ, ಚಿಪ್ಪು ಅಂಟಿಕೊಂಡಿರುತ್ತದೆ. ಅದರ ಅಂಚು ಬ್ಲೇಡಿನಷ್ಟು ಹರಿತ. ದೋಣಿಯ ಪಿವಿಸಿ ಟ್ಯೂಬನ್ನು ಅದರ ಮೇಲೆ ಎಳೆದರೆ ಸೀಳಿಯೇ ಹೋಗುತ್ತದೆ, ಬರಿಗಾಲೂ ಅಷ್ಟೆ. ಹಳೆ ಕಡವಿನ ಜಾಗ ಹತ್ತಿರ ಇದ್ದರೆ ಅದನ್ನೇ ಹಿಡಿಯಿರಿ. ಸೇತುವೆ ಬರುವ ಮೊದಲು ದೋಣಿ ದಾಟಿಸುತ್ತಿದ್ದವರು ಸುಮ್ನೆ ಆ ಜಾಗ ಆರಿಸಿದ್ದಲ್ಲ. ಅಲ್ಲಿ ತಳ ಗಟ್ಟಿ ಇರುತ್ತದೆ, ದಡದ ಹತ್ತಿರವೇ ಆಳ ಸಿಗುತ್ತದೆ. ದಾರಿ ಯಾರದ್ದಾದರೂ ತೆಂಗಿನ ತೋಟದೊಳಗೆ ಹೋಗುತ್ತಿದ್ದರೆ ಅವರನ್ನು ಕೇಳಿಯೇ ಹೋಗಿ.

ಜಾಗ ಸರಿ ಇಲ್ಲ ಅಂತ ಕಾಂಕ್ರೀಟ್ ಇಳಿಜಾರು ಕಟ್ಟಿಸಲು ಹೋಗಬೇಡಿ. ಉಬ್ಬರ ಇಳಿತ ಇರುವ ಹೊಳೆಯ ದಡವೂ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಒಳಗೇ ಬರುತ್ತದೆ. 2019ರ ಅಧಿಸೂಚನೆ ಪ್ರಕಾರ ದಡದಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇದ್ದರೆ ಒಂದು ಕೊಂಬೆಯನ್ನೂ ಕಡಿಯಬೇಡಿ. ಕಾನೂನಿನ ಮಾತು ಬಿಡಿ, ಮಳೆಗಾಲದಲ್ಲಿ ನಿಮ್ಮ ದಡ ಕುಸಿಯದ ಹಾಗೆ ಹಿಡಿದಿಟ್ಟಿರುವುದೇ ಅದರ ಬೇರು. ನಾನು ಮಾಡುವುದು ಇಷ್ಟೇ: ಹಟ್ಟಿಯಲ್ಲಿ ದನಗಳ ಕಾಲಡಿಗೆ ಹಾಕುವ ದಪ್ಪ ರಬ್ಬರ್ ಮ್ಯಾಟ್ ಇದೆಯಲ್ಲ, ಹಳೆಯದು ಎರಡು ಇಟ್ಟುಕೊಂಡಿದ್ದೇನೆ. ಒಂದರ ಮುಂದೆ ಒಂದು ಹಾಸಿ ಅದರ ಮೇಲೆ ದೋಣಿ ಜಾರಿಸುವುದು. ದೋಣಿ ದಾಟಿದ ಮೇಲೆ ಹಿಂದಿನದನ್ನು ಎತ್ತಿ ಮುಂದೆ ಹಾಕುವುದು. ನಾಡದೋಣಿಯವರು ತೆಂಗಿನ ಮಡಲು ಹಾಸಿ ಎಳೆಯುತ್ತಾರೆ. ಮರದ ದೋಣಿಗೆ, ಫೈಬರ್ ದೋಣಿಗೆ ಅದು ಸರಿ. ಗಾಳಿ ದೋಣಿಗೆ ಮಡಲಿನ ಬುಡದ ಚೂಪು ತಾಗುತ್ತದೆ, ಬೇಡ.

ತೂಕದ ಲೆಕ್ಕ ಹೇಳುತ್ತೇನೆ. ಮೂರು ಮೀಟರ್ ದೋಣಿ ಗಾಳಿ ತಳದ್ದಾದರೆ ಸುಮಾರು 35 ಕೆಜಿ, ಅಲ್ಯುಮಿನಿಯಂ ಹಲಗೆ ತಳದ್ದಾದರೆ 50ರ ಹತ್ತಿರ. 5 ಎಚ್‌ಪಿ ಫೋರ್ ಸ್ಟ್ರೋಕ್ ಇಂಜಿನ್ 25 ಕೆಜಿ ಮೇಲೆ. ಒಬ್ಬರೇ ಓಡಾಡುವುದಾದರೆ ಗಾಳಿ ತಳದ್ದೇ ತಗೊಳ್ಳಿ. ಹಿಂದಿನ ಹಲಗೆಗೆ ಬೋಲ್ಟ್ ಮಾಡುವ ಜೋಡಿ ಚಕ್ರ ಸಿಗುತ್ತದೆ, ಮಡಚಿ ಮೇಲೆತ್ತಿ ಇಡಬಹುದು. ನನ್ನ ಕೇಳಿದರೆ ದೋಣಿ ಜೊತೆಗೇ ಅದನ್ನೂ ತಗೊಳ್ಳಿ. ಗಟ್ಟಿ ದಡದಲ್ಲಿ ಒಬ್ಬರೇ ಎಳೆದುಕೊಂಡು ಹೋಗಬಹುದು. ಕೆಸರಿನಲ್ಲಿ ಮಾತ್ರ ಸಣ್ಣ ಚಕ್ರ ಹೂತುಕೊಳ್ಳುತ್ತದೆ, ದೊಡ್ಡ ಅಗಲದ ಗಾಳಿ ಚಕ್ರವೇ ಬೇಕು.

ಗಾಳಿ ತುಂಬುವುದನ್ನು ನೆರಳಲ್ಲಿ ಮಾಡಿ. ಪಕ್ಕದ ಟ್ಯೂಬುಗಳಿಗೆ ಸಾಮಾನ್ಯವಾಗಿ 0.25 ಬಾರ್, ಗಾಳಿ ತಳಕ್ಕೆ 0.7 ಬಾರ್ ಆಸುಪಾಸು ಒತ್ತಡ ಇರುತ್ತದೆ. ನಿಮ್ಮ ದೋಣಿ ಮೇಲೆ ಬರೆದಿರುವುದನ್ನೇ ನಂಬಿ. ಒಂದು ಕೋಣೆ ಪೂರ್ತಿ ತುಂಬಿಸಿ ಇನ್ನೊಂದಕ್ಕೆ ಹೋಗಬೇಡಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ತುಂಬಿಸುತ್ತಾ ಬನ್ನಿ. ಇಲ್ಲದಿದ್ದರೆ ನಡುವಿನ ಗೋಡೆ ಎಳೆದುಕೊಳ್ಳುತ್ತದೆ. ಇನ್ನೊಂದು ವಿಷಯ, ನಮ್ಮ ಬಿಸಿಲು. 25 ಡಿಗ್ರಿಯಲ್ಲಿ 0.25 ಬಾರ್ ತುಂಬಿಸಿದ ಟ್ಯೂಬ್ ಬಿಸಿಲಿಗೆ 50 ಡಿಗ್ರಿ ಆದರೆ ಒಳಗಿನ ಒತ್ತಡ ಲೆಕ್ಕದ ಪ್ರಕಾರ 0.35 ದಾಟುತ್ತದೆ. ನೀರಿನಲ್ಲಿದ್ದಾಗ ತಂಪು ಸಿಗುತ್ತದೆ, ಪರವಾಗಿಲ್ಲ. ಕುದ್ರುವಿನಲ್ಲಿ (ಹೊಳೆ ನಡುವಿನ ದ್ವೀಪ) ಹತ್ತಿಸಿಟ್ಟು ಊಟಕ್ಕೆ ಕೂತಾಗ ಕವಾಟ ಒತ್ತಿ ಸ್ವಲ್ಪ ಗಾಳಿ ಬಿಡಬೇಕು.

ದೋಣಿಯನ್ನು ನೀರಿಗೆ ತಳ್ಳುವ ಮೊದಲೇ ಮೂತಿಯ ಹಗ್ಗವನ್ನು ತೆಂಗಿನ ಮರಕ್ಕೋ ಗೂಟಕ್ಕೋ ಕಟ್ಟಿ. ಹಿಂದಿನ ಹಲಗೆಯಲ್ಲಿ ನೀರು ಹೋಗುವ ತೂತಿನ ಬಿರಡೆ ಹಾಕಿದೆಯಾ ನೋಡಿ. ಮೊದಲು ಬರೀ ದೋಣಿ ಇಳಿಸಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಇಂಜಿನ್ ಕೂರಿಸಿ. ಎರಡು ತಿರುಪೂ ಕೈಯಿಂದಲೇ ಗಟ್ಟಿ ಮಾಡಿ, ಇಂಜಿನ್ನಿಗೂ ಒಂದು ಸಣ್ಣ ಹಗ್ಗ ಕಟ್ಟಿಡಿ. ತಿರುಪು ಸಡಿಲವಾದರೂ ಆಗ ಹೊಳೆ ತಳಕ್ಕೆ ಹೋಗುವುದಿಲ್ಲ. ಹುಟ್ಟು ಎರಡೂ ದೋಣಿಯಲ್ಲೇ ಇರಲಿ. ಆಳಕ್ಕೆ ಬರುವವರೆಗೆ ಹುಟ್ಟು ಹಾಕಿಕೊಂಡು ಹೋಗಿ, ಆಮೇಲೆ ಇಂಜಿನ್ ನೀರಿಗೆ ಇಳಿಸಿ ಸ್ಟಾರ್ಟ್ ಮಾಡುವ ದಾರ ಎಳೆಯಿರಿ.

ಇಂಜಿನ್ ಹೊತ್ತಿಕೊಂಡ ಕೂಡಲೇ ಹಿಂಬದಿಯಲ್ಲಿ ಒಂದು ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಬೇಕು. ಪೆನ್ಸಿಲ್‌ನಷ್ಟೂ ದಪ್ಪ ಇರುವುದಿಲ್ಲ, ಆದರೆ ಕಡಿಯದೆ ಬರಬೇಕು. ತಂಪು ನೀರು ಒಳಗೆ ಸುತ್ತುತ್ತಿದೆ ಅನ್ನುವುದಕ್ಕೆ ಅದೇ ಗುರುತು. ನಮ್ಮ ಹೊಳೆಯ ಹೂಳು, ಪ್ಲಾಸ್ಟಿಕ್ ಕವರ್ ಸಿಕ್ಕಿ ನೀರು ಎಳೆಯುವ ಜಾಲರಿ ಮುಚ್ಚಿಹೋಗುತ್ತದೆ. ಎಳೆ ನಿಂತರೆ ತಕ್ಷಣ ಇಂಜಿನ್ ನಿಲ್ಲಿಸಿ, ಮೇಲೆತ್ತಿ, ಜಾಲರಿ ಸ್ವಚ್ಛ ಮಾಡಿ. ಇಂಜಿನ್ ಓಡುತ್ತಿದೆಯಾ ಅಂತ ಪರೀಕ್ಷೆ ಮಾಡಲು ಅಂಗಳದಲ್ಲಿ ನೀರಿಲ್ಲದೆ ಸ್ಟಾರ್ಟ್ ಮಾಡಲೇಬೇಡಿ. ತಂಪು ನೀರು ಎಳೆಯುವ ಒಳಗಿನ ರಬ್ಬರ್ ಇಂಪೆಲ್ಲರ್ ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಕೆಂಪು ಸುರುಳಿ ದಾರದ ಕಿಲ್ ಸ್ವಿಚ್ ಕೊಟ್ಟಿರುತ್ತಾರೆ, ದಾರ ಕಿತ್ತು ಬಂದರೆ ಇಂಜಿನ್ ನಿಲ್ಲುತ್ತದೆ. ಆ ದಾರ ಯಾವಾಗಲೂ ನಿಮ್ಮ ಮಣಿಕಟ್ಟಿಗೋ ಲೈಫ್ ಜಾಕೆಟ್ಟಿಗೋ ಸಿಕ್ಕಿಸಿರಲಿ. ಹಗುರ ದೋಣಿಯಿಂದ ನೀವು ಬಿದ್ದರೆ, ಖಾಲಿ ದೋಣಿ ಫ್ಯಾನು (ಪ್ರೊಪೆಲ್ಲರ್) ತಿರುಗಿಸುತ್ತಾ ಸುತ್ತು ಹೊಡೆದು ನಿಮ್ಮ ಮೇಲೇ ಬರುತ್ತದೆ. ಈಜು ಬಂದರೂ ಜಾಕೆಟ್ ಹಾಕಿಕೊಂಡೇ ಹತ್ತಿ.

ಈಗ ಹೊತ್ತಿನ ಮಾತು. ಪೂರ್ತಿ ಉಬ್ಬರಕ್ಕೆ ಎರಡು ಗಂಟೆ ಇರುವಾಗ ಹೊರಡಿ, ಉಬ್ಬರ ಮುಗಿದು ಒಂದು ಗಂಟೆಯೊಳಗೆ ದಡಕ್ಕೆ ಬನ್ನಿ. ಹೀಗೆ ಮಾಡಿದರೆ ವಾಪಸ್ ಬಂದಾಗ ನೀರು ಹೊರಟಾಗ ಇದ್ದಷ್ಟಾದರೂ ಇರುತ್ತದೆ. ಕೆಸರು ಕಣ್ಣಿಗೇ ಬೀಳುವುದಿಲ್ಲ. ಮೊದಲು ಹರಿವಿಗೆ ಎದುರಾಗಿ ಹೋಗಿ. ನೀರು ಏರುತ್ತಿರುವಾಗ ಹರಿವು ಮೇಲ್ಮುಖ, ಹಾಗಾಗಿ ಕೆಳಗೆ ಅಳಿವೆ ದಿಕ್ಕಿಗೆ ಸ್ವಲ್ಪ ದೂರ ಹೋಗಿ ತಿರುಗಿ. ಇಂಜಿನ್ ಕೈಕೊಟ್ಟರೆ ಹೊಳೆಯೇ ಮನೆ ಕಡೆ ತಂದು ಬಿಡುತ್ತದೆ. ಹೊಳೆ ಬಾಯಿಯ ಉಬ್ಬರದ ಹೊತ್ತಿಗೂ ನಿಮ್ಮ ಮನೆ ಹತ್ತಿರದ ಹೊತ್ತಿಗೂ ವ್ಯತ್ಯಾಸ ಇರುತ್ತದೆ, ಒಳಗೆ ಹೋದಷ್ಟೂ ತಡ. ಮೊಬೈಲಿನಲ್ಲಿ ಮಲ್ಪೆ, ಮಂಗಳೂರಿನ ಹೊತ್ತು ಸಿಗುತ್ತದೆ. ದಡದಲ್ಲಿ ಒಂದು ಗೂಟ ನೆಟ್ಟು ಕೆಲವು ದಿನ ನೋಡಿದರೆ ನಿಮ್ಮ ಜಾಗದ ಲೆಕ್ಕ ನಿಮಗೇ ಸಿಗುತ್ತದೆ.

ಅಳಿವೆ ಬಾಗಿಲಿಗೆ ಮಾತ್ರ ಈ ದೋಣಿಯಲ್ಲಿ ಹೋಗಬೇಡಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ. ಇಳಿತದ ನೀರು ಹೊರಗೆ ನುಗ್ಗುವಾಗ ಆ ಗಾಳಿ, ತೆರೆ ಎದುರಿಗೆ ಬಂದರೆ ನೀರು ಗೋಡೆ ಎದ್ದಂತೆ ನಿಲ್ಲುತ್ತದೆ. ಅಲ್ಲಿ ದೊಡ್ಡ ದೋಣಿಯವರೂ ಹೊತ್ತು ನೋಡಿಯೇ ದಾಟುವುದು. ಬೆಳಗಿನ ಹೊತ್ತು ಹೊಳೆಯೊಳಗೆ ಓಡಾಡಲಿಕ್ಕೆ ಬೇಕಾದಷ್ಟಿದೆ. ಕುದ್ರುಗಳ ನಡುವಿನ ಕವಲುಗಳಲ್ಲಿ, ಸಾಲಿಗ್ರಾಮ ಪಾರಂಪಳ್ಳಿ ಕಡೆಯ ಕಾಂಡ್ಲಾ ಕಾಡಿನಲ್ಲಿ ಇಂಜಿನ್ ಮೇಲೆತ್ತಿ ಹುಟ್ಟು ಹಾಕಿಕೊಂಡು ಹೋಗಿ ನೋಡಿ. ಆ ಸುಖವೇ ಬೇರೆ. ಮೇಲ್ಗಡೆ ಕಿಂಡಿ ಅಣೆಕಟ್ಟು ಇದ್ದರೆ ಅದರಿಂದ ದೂರ ಇರಿ. ಉಪ್ಪು ನೀರು ಹತ್ತದ ಹಾಗೆ ಹಲಗೆ ಹಾಕಿದ ಮೇಲೆ ದಾರಿ ಮುಚ್ಚಿರುತ್ತದೆ. ಹಲಗೆ ತೆಗೆದ ದಿನಗಳಲ್ಲಿ ಕಿಂಡಿಯ ಸೆಳೆತ ಸಣ್ಣ ಇಂಜಿನ್ನಿಗೆ ಬಗ್ಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ಮನೆಯಲ್ಲೇ ಇರಲಿ. ಕೆಂಪು ನೀರಿನಲ್ಲಿ ಮರದ ದಿಮ್ಮಿ ತೇಲಿ ಬರುವುದು ಕಾಣುವುದೇ ಇಲ್ಲ.

ಹೊಳೆಯನ್ನೇ ನಂಬಿ ಬದುಕುವವರ ವಿಷಯ ಒತ್ತಿ ಹೇಳುತ್ತೇನೆ. ಥರ್ಮಾಕೋಲ್ ತುಂಡೋ ಖಾಲಿ ಬಾಟಲಿಯೋ ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಅಂತ ಅರ್ಥ. ಸುತ್ತಿ ಹೋಗಿ. ಪಚ್ಚಿಲೆ ಅನ್ನುವ ಚಿಪ್ಪು ಬೆಳೆಸುವ ಕಂಬ, ಹಗ್ಗ, ಮೀನಿನ ಪಂಜರ ಇರುವ ಕಡೆ ನುಗ್ಗಬೇಡಿ. ಫ್ಯಾನಿಗೆ ಬಲೆ ಸುತ್ತಿದರೆ ಇಂಜಿನ್ ಆಫ್ ಮಾಡಿ, ಎತ್ತಿ, ಕೈಯಿಂದ ಬಿಡಿಸಿ. ಚಾಕು ಹಾಕಬೇಡಿ, ಯಾರ ಬಲೆಯೋ ಅವರನ್ನು ಕರೆಯಿರಿ. ಇಳಿತದಲ್ಲಿ ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸರು ಎದೆಮಟ್ಟ ನೀರಿನಲ್ಲಿ ನಿಂತಿರುತ್ತಾರೆ, ತಲೆ ಮಾತ್ರ ಕಾಣುತ್ತದೆ. ಅಲ್ಲಿ ವೇಗ ಪೂರ್ತಿ ಇಳಿಸಿ. ದೋಣಿ ತರುವ ಮೊದಲೇ ನಿಮ್ಮ ಕಡೆಯ ಮೀನುಗಾರರ ಹತ್ತಿರ ಹೋಗಿ ಮಾತಾಡಿ. ದಿಬ್ಬ ಎಲ್ಲಿದೆ, ಮುಳುಗಿದ ಕಲ್ಲು ಎಲ್ಲಿದೆ, ಈ ಮಳೆಗಾಲದಲ್ಲಿ ಮರಳು ಎಲ್ಲಿಗೆ ಸರಿದಿದೆ ಅನ್ನುವುದು ಅವರಿಗೇ ಗೊತ್ತು.

ಕಾಗದಪತ್ರದ ವಿಷಯ ಹಗುರವಾಗಿ ತಗೋಬೇಡಿ. 1917ರ ಹಳೆ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ಹಡಗು ಕಾಯ್ದೆ ಬಂದಿದೆ. ಯಂತ್ರದಿಂದ ಓಡುವ ದೋಣಿಗೆ ತಪಾಸಣೆ, ನೋಂದಣಿ, ವಿಮೆ ಎಲ್ಲ ಅದರಲ್ಲಿ ಇವೆ. ದುಡ್ಡು ಕೊಡುವ ಮೊದಲು ಮಲ್ಪೆಯ ಬಂದರು ಕಚೇರಿಗೆ ಹೋಗಿ, ದೋಣಿಯ ಅಳತೆ, ಇಂಜಿನ್ ಎಚ್‌ಪಿ ಬರೆದುಕೊಟ್ಟು, ನಿಮ್ಮ ದೋಣಿಗೆ ಏನೇನು ಬೇಕು ಅಂತ ಬರಹದಲ್ಲೇ ಕೇಳಿ. ಕರಾವಳಿ ಕಾವಲು ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿಡಿ.

ವಾಪಸ್ ಬಂದ ಮೇಲೆ ಅರ್ಧ ಗಂಟೆ ಕೆಲಸ ಇದೆ. ದೊಡ್ಡ ಡ್ರಮ್ಮಿನಲ್ಲಿ ಬಾವಿ ನೀರು ತುಂಬಿ ಇಂಜಿನ್ ಅದರೊಳಗೆ ನಿಲ್ಲಿಸಿ ಹತ್ತು ನಿಮಿಷ ಓಡಿಸಿ, ಒಳಗಿನ ಉಪ್ಪು ತೊಳೆದು ಹೋಗುತ್ತದೆ. ಇಂಜಿನ್ ಮಲಗಿಸುವುದಾದರೆ ಅದರ ಜೊತೆ ಬಂದ ಪುಸ್ತಕದಲ್ಲಿ ಯಾವ ಮಗ್ಗುಲು ಅಂತ ಹೇಳಿದ್ದಾರೋ ಅದೇ ಮಗ್ಗುಲಿಗೆ, ಇಲ್ಲದಿದ್ದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ದೋಣಿಯ ಮಡಿಕೆಗಳಲ್ಲಿ ಮರಳು ಉಳಿಯದ ಹಾಗೆ ತೊಳೆದು, ನೆರಳಲ್ಲಿ ಒಣಗಿಸಿ, ಕಟ್ಟಿ ಮೇಲೆ ತೂಗುಹಾಕಿ. ನೆಲದಲ್ಲಿ ಇಟ್ಟರೆ ಇಲಿ ಬಿಡುವುದಿಲ್ಲ. ಅಂಟು, ಪಿವಿಸಿ ತುಂಡು ಎರಡೂ ಮನೆಯಲ್ಲಿ ಇರಲಿ. ನೀವು ಅಕ್ಟೋಬರ್ ಕೊನೆಗೆ ಶುರು ಮಾಡುವುದಾದರೆ ಈಗಲೇ ಇಳಿತಕ್ಕೆ ಹೋಗಿ ದಡ ನೋಡಿಕೊಂಡು ಬನ್ನಿ. ತಳ ಮರಳೋ ಕೆಸರೋ ಅಂತ ಇಲ್ಲಿ ಬರೆದರೆ ಯಾವ ಚಕ್ರ ತಗೋಬೇಕು ಅಂತ ಹೇಳುತ್ತೇನೆ.