ಕಾರಿನ ಸ್ಟೀರಿಯೊ ಪೆನ್‌ಡ್ರೈವ್ ಓದುತ್ತಿಲ್ಲ, ಹೊಸ ಸೆಟ್ ಯಾವುದು ತಗೊಳ್ಳಲಿ?

ಯಾವುದೂ ತಗೋಬೇಡಿ.

ರೇಡಿಯೊ ಬರುತ್ತದೆ, ಬ್ಲೂಟೂತ್‌ನಲ್ಲಿ ಹಾಡೂ ಬರುತ್ತದೆ ಅಂತ ನೀವೇ ಬರೆದಿದ್ದೀರಿ. 64 ಜಿಬಿ ಪೆನ್‌ಡ್ರೈವ್ ಹಾಕಿದರೆ ಮಾತ್ರ 'ಯುಎಸ್‌ಬಿ ಎರರ್', ಕೇಬಲ್ ಚುಚ್ಚಿದರೆ ಫೋನ್ ಬರೀ ಚಾರ್ಜ್ ಆಗುತ್ತದೆ. ಇದಿಷ್ಟು ನೋಡಿ ಅಂಗಡಿಯವರು ಸೆಟ್ ಹೋಗಿದೆ ಅಂದರಾ? ನನಗೂ ಹಾಗೇ ಅಂದಿದ್ದರು, ಇಲ್ಲೇ ಕಲಬುರಗಿಯಲ್ಲಿ. ಶರಣಬಸವೇಶ್ವರ ಜಾತ್ರೆಗೆ ಬೀದರಿನಿಂದ ಅಕ್ಕ, ಮಾವ ಬರುವವರಿದ್ದರು, ಅಷ್ಟರಲ್ಲಿ ಗಾಡಿಯಲ್ಲಿ ಹಾಡು ಸರಿಯಾಗಬೇಕು ಅನ್ನೋ ಅವಸರ. ಕಂಪನಿಯಿಂದ ಬಂದ ಸೆಟ್ ತೆಗೆಸಿ ದೊಡ್ಡ ಟಚ್‌ಸ್ಕ್ರೀನ್ ಹಾಕಿಸಿದೆ. ಮನೆಗೆ ಬಂದು ಅದೇ ಪೆನ್‌ಡ್ರೈವ್ ಹಾಕಿದರೆ ಹೊಸ ಸೆಟ್ಟೂ ಓದಲಿಲ್ಲ.

ಆದರೆ ನನಗೆ ನಿಜವಾಗಿ ಹೊಡೆತ ಬಿದ್ದಿದ್ದು ಬೇರೆ ಕಡೆ. ಅದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ದಯವಿಟ್ಟು ಓದಿ. ಸೆಟ್ ಕೂರಿಸುವಾಗ ಹುಡುಗ, "ಕಪ್ಲರ್ ಕೂಡಲ್ರಿ ಸರ, ವೈರ್ ಕಟ್ ಮಾಡ್ಬೇಕಾಗ್ತದ" ಅಂದ. "ಮಾಡಪ್ಪ" ಅಂದುಬಿಟ್ಟೆ. ಕಪ್ಲರ್ ಅಂದರೆ ಕಾರಿನ ವೈರ್‌ಗಳನ್ನು ಸೆಟ್‌ಗೆ ಜೋಡಿಸುವ ಪ್ಲಗ್ಗು. ಹೊರಗಿನ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ವೈರ್‌ಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಇರಬೇಕು, ಗಡಿಯಾರ ಮತ್ತು ಸೇವ್ ಮಾಡಿದ ಸ್ಟೇಷನ್ ಉಳಿಯೋದು ಅದರಿಂದ. ಕೆಂಪು ವೈರ್‌ಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕಪ್ಪು ಅರ್ತ್. ಕಾರಿನ ಕಡೆಯ ವೈರ್‌ಗಳ ಬಣ್ಣ ಮಾತ್ರ ಕಂಪನಿಗೊಂದು ಥರ, ಅದಕ್ಕೇ ಮೀಟರ್ ಇಟ್ಟು ನೋಡಿ ಜೋಡಿಸಬೇಕು. ಆ ಹುಡುಗ ಹುಡುಕಲಿಲ್ಲ, ಕೆಂಪು ಹಳದಿ ಎರಡನ್ನೂ ಸೇರಿಸಿ ಯಾವಾಗಲೂ ಕರೆಂಟ್ ಇರುವ ಒಂದೇ ವೈರ್‌ಗೆ ಸುತ್ತಿದ. ಅಂದರೆ ಕೀ ತೆಗೆದು ಮನೆಗೆ ಹೋದರೂ ಸೆಟ್ ಪೂರ್ತಿ ಮಲಗುವುದೇ ಇಲ್ಲ, ರಾತ್ರಿಯೆಲ್ಲಾ ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ನಾನು ಬ್ಯಾಟರಿ ಹಳೆಯದಾಯ್ತು ಅಂದುಕೊಂಡು ಹೊಸದು ಹಾಕಿಸಿದೆ, ಅದೂ ಹಾಗೇ ಇಳಿಯಿತು.

ಆಮೇಲೆ ಮೇ ತಿಂಗಳು ಬಂತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಹೊರಗೇ 42-43 ಡಿಗ್ರಿ, ಮುಚ್ಚಿದ ಗಾಡಿಯೊಳಗೆ ಇನ್ನೂ ಜಾಸ್ತಿ. ಕರಿ ಟೇಪಿನ ಅಂಟು ಕರಗಿ, ಟೇಪ್ ಜಾರಿ, ಒಳಗಿನ ತಾಮ್ರದ ಎಳೆ ಹೊರಗೆ ಬಂದಿತ್ತು. ಹುಮನಾಬಾದ್ ರಸ್ತೆಯಲ್ಲಿ ಹೋಗುವಾಗ ಅದು ಡ್ಯಾಶ್‌ಬೋರ್ಡಿನ ಕಬ್ಬಿಣಕ್ಕೆ ತಾಗಿ ಫ್ಯೂಸ್ ಹೋಯಿತು. ಫ್ಯೂಸ್ ಇತ್ತು ಅಂತ ಬೆಂಕಿ ಹತ್ತಲಿಲ್ಲ. ಸರ್ವಿಸ್‌ಗೆ ಒಯ್ದರೆ, ವೈರಿಂಗ್ ಕಟ್ ಆಗಿದೆ, ಇದಕ್ಕೆ ವಾರಂಟಿ ಇಲ್ಲ ಅಂದರು. ಪೂರ್ತಿ ವೈರಿಂಗ್‌ಗೆ ನಾನೇ ರೊಕ್ಕ ಕೊಟ್ಟೆ.

ಇನ್ನು ಪೆನ್‌ಡ್ರೈವ್‌ಗೆ ಏನಾಗಿತ್ತು ಅಂದರೆ, ಏನೂ ಆಗಿರಲಿಲ್ಲ. ಅಕ್ಕನ ಮಗಳು ಲ್ಯಾಪ್‌ಟಾಪ್‌ಗೆ ಹಾಕಿ, ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆಗೆದು ತೋರಿಸಿದಳು: ಫೈಲ್ ಸಿಸ್ಟಮ್ (ಪೆನ್‌ಡ್ರೈವ್ ಒಳಗೆ ಫೈಲ್ ಜೋಡಿಸಿಡುವ ರೀತಿ) ಅನ್ನೋ ಕಡೆ 'ಎಕ್ಸ್‌ಫ್ಯಾಟ್' ಅಂತ ಇತ್ತು. 64 ಜಿಬಿ ಮತ್ತು ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ ಹಾಗೇ ಬರುತ್ತವೆ. ಎಷ್ಟೋ ಕಾರ್ ಸೆಟ್‌ಗಳಿಗೆ ಫ್ಯಾಟ್32 ಅನ್ನೋ ಹಳೆಯ ರೀತಿ ಬಿಟ್ಟರೆ ಬೇರೆ ಓದಲು ಬರಲ್ಲ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ದೊಡ್ಡದಕ್ಕೆ ಬಹಳ ವರ್ಷ ಫ್ಯಾಟ್32 ಆಯ್ಕೆಯೇ ಇರಲಿಲ್ಲ. ಸುಮ್ನೆ ಒದ್ದಾಡಬೇಡಿ, 16 ಅಥವಾ 32 ಜಿಬಿಯದು ತಂದು ಫ್ಯಾಟ್32 ಮಾಡಿ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದದ್ದೆಲ್ಲಾ ಹೋಗುತ್ತದೆ, ಹಾಡಿದ್ದರೆ ಮೊದಲು ಕಾಪಿ ಮಾಡಿಕೊಳ್ಳಿ. ಒಳ್ಳೆ ಗುಣಮಟ್ಟದ (320 ಕೆಬಿಪಿಎಸ್) ನಾಲ್ಕು ನಿಮಿಷದ ಎಂಪಿ3 ಸುಮಾರು 10 ಎಂಬಿ ಆಗುತ್ತದೆ, 32 ಜಿಬಿಯಲ್ಲಿ ಹತ್ತಿರ ಹತ್ತಿರ 3,000 ಹಾಡು ಹಿಡಿಯುತ್ತವೆ. ಸಾಲದಾ?

ಇನ್ನೊಂದು. ನಮ್ಮೂರ ಭಜನೆಯಲ್ಲಿ ಫೋನಿನಿಂದ ರೆಕಾರ್ಡ್ ಮಾಡಿದ ತತ್ವಪದಗಳು ಆಮೇಲೂ ಬರಲಿಲ್ಲ. ಅವು ಎಂ4ಎ ಅನ್ನೋ ಬೇರೆ ಥರದ ಫೈಲ್, ಸೆಟ್‌ಗೆ ಓದಲು ಬರಲಿಲ್ಲ. ಹೆಸರಿನ ಕೊನೆಯಲ್ಲಿ ಎಂಪಿ3 ಅಂತ ತಿದ್ದಿದರೆ ಆಗಲ್ಲ, ಕನ್ವರ್ಟ್ ಮಾಡಬೇಕು.

ನಿಮ್ಮ ಕೇಬಲ್ ನನಗೆ ಅನುಮಾನ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ಹೋಗುವ ಎಳೆಗಳೇ ಇರುವುದಿಲ್ಲ, ಕರೆಂಟ್ ಮಾತ್ರ ಹೋಗುತ್ತದೆ. ಕಂಪ್ಯೂಟರ್‌ಗೆ ಹಾಕಿ, ಫೋನಿನಲ್ಲಿ ಫೈಲ್ ಟ್ರಾನ್ಸ್‌ಫರ್ ಒತ್ತಿ. ಆಗಲೂ ಫೋನ್ ಕಾಣದಿದ್ದರೆ ಕೇಬಲ್ ಬದಲಿಸಿ. ಗಾಡಿಯಲ್ಲಿ ಎರಡು ಪೋರ್ಟ್ ಇದ್ದರೆ ಒಂದು ಬರೀ ಚಾರ್ಜಿಂಗ್‌ಗೆ ಇರಬಹುದು, ಇನ್ನೊಂದರಲ್ಲೂ ಹಾಕಿ ನೋಡಿ. ಎಲ್ಲಾ ಸರಿ ಇದ್ದೂ ಹಳೆ ಸೆಟ್ ಫೋನಿನೊಳಗಿನ ಹಾಡು ಓದದಿದ್ದರೆ ಬಿಡಿ, ಬ್ಲೂಟೂತ್ ಇದೆಯಲ್ಲಾ.

ಪೋರ್ಟೇ ಸಡಿಲ ಆಗಿದ್ದರೂ ಸೆಟ್ ಬಿಚ್ಚಿಸಬೇಡಿ. ಬಹಳ ಗಾಡಿಗಳಲ್ಲಿ ಪೋರ್ಟು, ಅದರ ವೈರು ಬೇರೆಯೇ ಸಿಗುತ್ತವೆ. ರಿವರ್ಸ್ ಕ್ಯಾಮೆರಾಕ್ಕೆ ದೊಡ್ಡ ಸ್ಕ್ರೀನ್ ಬೇಕೇ ಬೇಕು ಅನ್ನೋದಾದರೆ ಅದು ಬೇರೆ ಮಾತು, ಹಾಕಿಸಿ. ಆದರೆ ನಿಮ್ಮ ಮಾಡೆಲ್‌ಗೆ ಕೂಡುವ ಕಪ್ಲರ್ ತರಿಸಿ, ಕಪ್ಲರ್ ಟು ಕಪ್ಲರ್ ಹಾಕಬೇಕು, ವೈರ್ ಕಟ್ ಮಾಡುವಂತಿಲ್ಲ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಆ ಅಂಗಡಿಯಲ್ಲಿ ಗಾಡಿ ಬಿಡಬೇಡಿ.