ನಾಲ್ಕೇ ದಿನದ ಉತ್ತರಾಧಿಕಾರಿ ಪೀಸೋ ಯಾವ ಮನೆಯವನು?

ಪ್ರಶ್ನೆ: ರೋಮ್‌ನ ಚಕ್ರವರ್ತಿ ಗಾಲ್ಬಾ ಪೀಸೋ ಅನ್ನುವವನನ್ನು ದತ್ತು ತಗೊಂಡನಂತೆ. ಇವನ ಹಿನ್ನೆಲೆ ಏನು? ಇವನನ್ನೇ ಯಾಕೆ ಆರಿಸಿದ?

ಉತ್ತರ: ಮನೆತನ ನೋಡಿಯೇ ಆರಿಸಿದ್ದು. ಪೀಸೋನ ತಂದೆ ಕ್ರಾಸಸ್ ಫ್ರೂಗಿ, ಕ್ರಿ.ಶ. 27ರ ಕಾನ್ಸಲ್, ಅಂದರೆ ರೋಮ್‌ನ ಅತಿ ದೊಡ್ಡ ಅಧಿಕಾರಿಗಳಲ್ಲಿ ಒಬ್ಬ. ತಾಯಿ ಸ್ಕ್ರಿಬೋನಿಯಾ, ಜೂಲಿಯಸ್ ಸೀಸರ್‌ಗೆ ಎದುರು ನಿಂತಿದ್ದ ಪಾಂಪೆಯ ವಂಶದವಳು. ಎರಡೂ ಕಡೆ ದೊಡ್ಡ ಹೆಸರು. ಗಾಲ್ಬಾಗೆ ಎಪ್ಪತ್ತು ದಾಟಿತ್ತು, ಮಕ್ಕಳು ಉಳಿದಿರಲಿಲ್ಲ. ಪೀಸೋಗೆ ಮೂವತ್ತು. ರೋಮ್‌ನ ದತ್ತು ಹಾಗೇ, ಬೆಳೆದು ನಿಂತ ಗಂಡಸನ್ನೇ ಮಗ ಮಾಡಿಕೊಳ್ಳುತ್ತಿದ್ದರು.

ಆದರೆ ಆ ಮನೆಗೆ ದೊಡ್ಡ ಹೆಸರೇ ಕುತ್ತಾಗಿತ್ತು. ಅಣ್ಣನೊಬ್ಬನ ಹೆಸರು ಪಾಂಪೆಯಸ್ ಮ್ಯಾಗ್ನಸ್. ಮ್ಯಾಗ್ನಸ್ ಅಂದರೆ 'ಮಹಾನ್' ಅಂತ, ಹಾಗಾಗಿ ಆ ಹೆಸರನ್ನೇ ಇಟ್ಟುಕೊಳ್ಳಬಾರದು ಅಂದ ಆಗಿನ ಚಕ್ರವರ್ತಿ ಕಲಿಗುಲಾ. ಮುಂದೆ ಬಂದ ಕ್ಲಾಡಿಯಸ್ ಹೆಸರು ವಾಪಸ್ ಕೊಟ್ಟ, ಮಗಳು ಆಂಟೋನಿಯಾಳನ್ನೂ ಕೊಟ್ಟು ಮದುವೆ ಮಾಡಿದ, ಆಮೇಲೆ ಅದೇ ಅಳಿಯನನ್ನು ಕೊಲ್ಲಿಸಿದ. ಅಪ್ಪ ಅಮ್ಮನೂ ಕ್ಲಾಡಿಯಸ್ ಕಾಲದಲ್ಲೇ ಸತ್ತರು, ಅವನ ಕೈಯಿಂದಲೇ. ಇನ್ನೊಬ್ಬ ಅಣ್ಣ ನೀರೋ ಕಾಲದಲ್ಲಿ ಹೋದ, ರೆಗುಲಸ್ ಅನ್ನುವವನು ಹಾಕಿದ ಆರೋಪದಿಂದ. ಪೀಸೋ ತಾನೂ ಬಹಳ ಕಾಲ ಗಡೀಪಾರಾಗಿ ದೂರ ಇದ್ದವನು. ಅಂಥವನಿಗೆ ಸೈನಿಕರ ಪರಿಚಯ ಎಲ್ಲಿಂದ ಬರಬೇಕು?

ಗಾಲ್ಬಾ ಎಡವಿದ್ದು ಇಲ್ಲೇ ಅಂತ ನನ್ನ ಅನಿಸಿಕೆ. 69ರ ಜನವರಿ 10ರಂದು ದತ್ತು ಘೋಷಿಸಲು ನೆಟ್ಟಗೆ ಚಕ್ರವರ್ತಿಯ ಕಾವಲುಪಡೆಯ ಶಿಬಿರಕ್ಕೇ ಹೋದ, ಆದರೆ ಸೈನಿಕರಿಗೆ ಒಂದು ಕಾಸೂ ಕೊಡಲಿಲ್ಲ. ಅವರಿಗೆ ಪಾಂಪೆಯ ವಂಶ ಕಟ್ಟಿಕೊಂಡು ಏನಾಗಬೇಕು, ದುಡ್ಡು ಬೇಕು ಅಲ್ವಾ? ತನ್ನನ್ನೇ ದತ್ತು ತಗೋತಾನೆ ಅಂತ ಕಾದಿದ್ದ ಓಥೋ ಅವರನ್ನು ಒಳಗೊಳಗೇ ಕೊಂಡುಕೊಂಡ. 15ರಂದು ಗಾಲ್ಬಾ ಸತ್ತ. ವೆಸ್ತಾ ದೇವಿಯ ಗುಡಿಯಲ್ಲಿ ಅವಿತಿದ್ದ ಪೀಸೋನನ್ನು ಎಳೆದು ಬಾಗಿಲಲ್ಲೇ ಕಡಿದರು. ಹೆಂಡತಿ ವೆರಾನಿಯಾ ಅವನ ತಲೆಯನ್ನು ಕೊಂದವರಿಗೇ ದುಡ್ಡು ಕೊಟ್ಟು ಬಿಡಿಸಿಕೊಂಡು ಬರಬೇಕಾಯಿತು.

ಈ ಮನೆಯವರ ಗೋರಿಕಲ್ಲುಗಳು 1880ರ ದಶಕದಲ್ಲಿ ರೋಮ್‌ನಲ್ಲಿ ಸಿಕ್ಕಿವೆ. ಮ್ಯಾಗ್ನಸ್‌ನ ಕಲ್ಲಿನಲ್ಲಿ ಕ್ಲಾಡಿಯಸ್‌ನನ್ನು 'ಅವನ ಮಾವ' ಅಂತಲೇ ಬರೆದಿದೆ, ಕೊಂದ ಮಾತಿಲ್ಲ. ಪೀಸೋನ ಕಲ್ಲಿನಲ್ಲಿ ಅವನು 15 ಜನರ ಪುರೋಹಿತ ಮಂಡಳಿಯಲ್ಲಿದ್ದ ಅಂತಿದೆ, ಪಕ್ಕದಲ್ಲಿ ವೆರಾನಿಯಾಳ ಹೆಸರಿದೆ. ಗಾಲ್ಬಾನ ಹೆಸರಾಗಲಿ, ದತ್ತು ಹೋದಾಗ ಸಿಕ್ಕಿದ ಸೀಸರ್ ಅನ್ನೋ ಬಿರುದಾಗಲಿ ಎಲ್ಲೂ ಇಲ್ಲ.