ತಾಳಕ್ಕಿಂತ ಒಂದು ಹೆಜ್ಜೆ ಹಿಂದೆ

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ ಬಗ್ಗೆ ಓದಿ, ಮಗನಿಗೆ ಹೇಳಿ ಫೋನಿನಲ್ಲಿ ಹಾಕಿಸಿಕೊಂಡು ಕೇಳಿದೆ. ದನಿ ಮೂಗಿನಲ್ಲಿದೆ, ತಾಳವೂ ತಪ್ಪಿದ ಹಾಗಿದೆ. ತೊಂಬತ್ತು ದಾಟಿದ ಈ ಅಜ್ಜನಿಗೆ ಅಮೆರಿಕದಲ್ಲಿ ಜನ ಇಷ್ಟು ಮುಗಿಬೀಳುವುದೇಕೆ? ಇನ್ನೊಂದು, ನೀವು ಹಾಕಿದ ಫೋಟೊದಲ್ಲಿ ಗಿಟಾರಿಗೆ ಎರಡು ತೂತು ಕಾಣುತ್ತವೆ. ಮುದ್ರಣದೋಷವೇ?
– ಒಬ್ಬ ಓದುಗ, ಧಾರವಾಡ

ಸಂಪಾದಕರ ಉತ್ತರ: ದನಿ ಮೂಗಿನದೇ, ಒಪ್ಪಿದೆ ಸರ್. ಆದರೆ ತಾಳ ತಪ್ಪಿಲ್ಲ. ಅವರು ಬೇಕೆಂದೇ ತಡ ಮಾಡುತ್ತಾರೆ. ವಾದ್ಯಗಳು ಮುಂದೆ ಹೋದ ಮೇಲೆ ಇವರು ಮೆಲ್ಲಗೆ ಬಂದು ಸಾಲಿನ ಕೊನೆಗೆ ಸೇರಿಕೊಳ್ಳುತ್ತಾರೆ. ಜಗಲಿಯಲ್ಲಿ ಕತೆ ಹೇಳುವವರು ನಡುವೆ ಸುಮ್ನೆ ನಿಲ್ಲುತ್ತಾರಲ್ವಾ, ಹಾಗೆ. ಇನ್ನೊಮ್ಮೆ ಕೇಳಿ, ಈ ಸಲ ತೊಡೆಯ ಮೇಲೆ ತಾಳ ಹಾಕುತ್ತಾ.

ನಿಮಗೆ ಅನ್ನಿಸಿದ್ದೇ 1960ರ ದಶಕದಲ್ಲಿ, ಅಲ್ಲಿನ ಹಳ್ಳಿ ಸೊಗಡಿನ ‘ಕಂಟ್ರಿ’ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನ ರೆಕಾರ್ಡ್ ಕಂಪನಿಗಳಿಗೂ ಅನ್ನಿಸಿತ್ತು. ಬರೆಯುವುದಕ್ಕೆ ಇವರು, ಹಾಡುವುದಕ್ಕೆ ಬೇರೆಯವರು. ಗಾಯಕಿ ಪ್ಯಾಟ್ಸಿ ಕ್ಲೈನ್ 1961ರಲ್ಲಿ ಹಾಡಿ ಗೆಲ್ಲಿಸಿದ ‘ಕ್ರೇಜಿ’ ಇವರದೇ ರಚನೆ. ಅದಕ್ಕೂ ಮೊದಲು ಕೈಯಲ್ಲಿ ಕಾಸಿಲ್ಲದಾಗ ‘ನೈಟ್ ಲೈಫ್’ ಹಾಡನ್ನು 150 ಡಾಲರಿಗೆ ಮಾರಿಬಿಟ್ಟಿದ್ದರು! ಇವರೇ ಹಾಡಿದ ರೆಕಾರ್ಡುಗಳಿಗೆ ಮಾತ್ರ ಪಿಟೀಲುಗಳ ಗುಂಪು, ಕೋರಸ್ ಎಲ್ಲ ಸೇರಿಸಿ ನುಣುಪು ಮಾಡುತ್ತಿದ್ದರು. ಅವು ಜಾಸ್ತಿ ಓಡಲಿಲ್ಲ.

1972ರ ಹೊತ್ತಿಗೆ ಅವರು ತಮ್ಮ ಟೆಕ್ಸಸ್‌ಗೆ ವಾಪಸಾಗಿ ಆಸ್ಟಿನ್‌ನಲ್ಲಿ ಹಾಡತೊಡಗಿದರು. ಅಲ್ಲಿ ಉದ್ದ ಕೂದಲಿನ ಹಿಪ್ಪಿ ಹುಡುಗರೂ ಕೌಬಾಯ್ ಟೋಪಿಯವರೂ ಒಂದೇ ಹಾಲ್‌ನಲ್ಲಿ ನಿಂತು ಕೇಳಿದರು. ಬೇರೆ ಕಡೆ ಒಬ್ಬರ ಮುಖ ಒಬ್ಬರು ನೋಡದ ಜನ ಅವರು. ಆ ಜನಪ್ರಿಯತೆಯ ಬೇರು ಅಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. 1975ರಲ್ಲಿ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಆಲ್ಬಮ್ ಬಂತು. ಅವರ ಗಿಟಾರ್, ಅಕ್ಕ ಬಾಬಿಯ ಪಿಯಾನೊ, ಜೊತೆಗೆ ನಾಲ್ಕಾರು ವಾದ್ಯ, ಅಷ್ಟೇ. ಕಂಪನಿಯವರು ಕೇಳಿ, ಇದಿನ್ನೂ ಕಚ್ಚಾ ರೆಕಾರ್ಡಿಂಗ್ ಅಂದುಕೊಂಡರಂತೆ. ಆದರೆ ಕರಾರಿನ ಪ್ರಕಾರ ಕೊನೆಯ ಮಾತು ಇವರದು. ಅದರಲ್ಲಿದ್ದ ‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’ ಗಾಯಕರಾಗಿ ಅವರಿಗೆ ಮೊದಲ ಬಾರಿ ನಂಬರ್ ಒನ್ ಸ್ಥಾನ ತಂದಿತು. ಆಗ ವಯಸ್ಸು 42. ತಮಾಷೆ ನೋಡಿ, ಅಷ್ಟು ವರ್ಷ ಇವರ ಹಾಡು ಹಾಡಿ ಬೇರೆಯವರು ಗೆದ್ದರು. ಇವರು ಗೆದ್ದಿದ್ದು ಫ್ರೆಡ್ ರೋಸ್ ಬರೆದ ಹಾಡಿನಿಂದ.

ಜನ ಕೈಬಿಡದಿರುವುದಕ್ಕೆ ಹಾಡೊಂದೇ ಕಾರಣವಲ್ಲ. ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದ ಕೈ ಅದು. 1985ರಲ್ಲಿ, ಸಾಲಕ್ಕೆ ಹೊಲ ಕಳೆದುಕೊಳ್ಳುತ್ತಿದ್ದ ರೈತರಿಗಾಗಿ ಗಾಯಕರಾದ ನೀಲ್ ಯಂಗ್, ಜಾನ್ ಮೆಲೆನ್‌ಕ್ಯಾಂಪ್ ಜೊತೆ ‘ಫಾರ್ಮ್ ಏಡ್’ ಎಂಬ ಸಹಾಯಾರ್ಥ ಸಂಗೀತ ಕಾರ್ಯಕ್ರಮ ಶುರು ಮಾಡಿದರು. 1990ರಲ್ಲಿ ತೆರಿಗೆಯವರು ಅವರದೇ ಆಸ್ತಿ ಜಪ್ತಿ ಮಾಡಿದರು. ಆ ಬಾಕಿ ತೀರಿಸಲು, ಬರೀ ದನಿ ಮತ್ತು ಗಿಟಾರ್ ಇರುವ ಆಲ್ಬಮ್ ಬಿಟ್ಟರು. ಅದಕ್ಕೆ ತೆರಿಗೆ ಇಲಾಖೆಯ ಹೆಸರನ್ನೇ ಇಟ್ಟರು!

ಇನ್ನು ಆ ಎರಡನೇ ತೂತು. ಮುದ್ರಣದೋಷವಲ್ಲ. ಅದು ಮಾರ್ಟಿನ್ ಕಂಪನಿಯ ನೈಲಾನ್ ತಂತಿಯ ಗಿಟಾರ್, ಹೆಸರು ಟ್ರಿಗರ್. ಅಂಥ ಗಿಟಾರನ್ನು ಬೆರಳಿನಲ್ಲಿ ಮೀಟುವುದು ವಾಡಿಕೆ, ಹಾಗಾಗಿ ಮರಕ್ಕೆ ರಕ್ಷಣೆಯ ಪಟ್ಟಿ ಇರುವುದಿಲ್ಲ. ಇವರು ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿದು ಬಾರಿಸಿದರು. 1969ರಿಂದ ಉಜ್ಜಿ ಉಜ್ಜಿ ಮರವೇ ಸವೆದು ತೂತಾಗಿದೆ. ಮೇಲೆ ಗೀಚಿರುವುದೆಲ್ಲ ಗೆಳೆಯರ ಸಹಿ.